ಸ್ಟ್ರಿಪ್ ನಕ್ಷೆಯ ಚಿಹ್ನೆಗಳಿಗೆ ಆಟೋಕ್ಯಾಡ್ ಟೂಲ್ ಪ್ಯಾಲೆಟ್

ಹೆದ್ದಾರಿ ಸರ್ವೆಯ ಸ್ಟ್ರಿಪ್ ನಕ್ಷೆ (ರಸ್ತೆಯನ್ನೂ ಅದರ ಅಕ್ಕಪಕ್ಕವನ್ನೂ ಉದ್ದನೆಯ ಪಟ್ಟಿಯಾಗಿ ತೋರಿಸುವ ನಕ್ಷೆ) ಬಿಡಿಸುವುದೇ ನನ್ನ ಕೆಲಸ. ಮರ, ವಿದ್ಯುತ್ ಕಂಬ, ಮೋರಿ, ಕೊಳವೆಬಾವಿ, ಕಿಲೋಮೀಟರ್ ಕಲ್ಲು ಅಂತ ಒಂದೊಂದು ಹಾಳೆಯಲ್ಲೂ ರಾಶಿ ಚಿಹ್ನೆಗಳು. ಇವನ್ನು ಸಂಭಾಳಿಸಲು ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನ ಟೂಲ್ ಪ್ಯಾಲೆಟ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕಂಟ್ರೋಲ್ ಜೊತೆ 3 ಒತ್ತಿದರೆ ಚಿಹ್ನೆಗಳನ್ನು ಜೋಡಿಸಿಟ್ಟ ಈ ಫಲಕ ತೆರೆದುಕೊಳ್ಳುತ್ತದೆ. ಪ್ರತಿ ಚಿಹ್ನೆಗೂ ಲೇಯರನ್ನು (ಡ್ರಾಯಿಂಗಿನ ಪದರವನ್ನು) ಮೊದಲೇ ಗೊತ್ತುಮಾಡಿಟ್ಟರೆ, ಎಳೆದು ಹಾಕಿದ ಮರ ಮರದ ಲೇಯರಿಗೇ ಹೋಗಿ ಕೂರುತ್ತದೆ.

ನಿಜಕ್ಕೂ ನನ್ನ ಮನಸ್ಸು ಗೆದ್ದದ್ದು ಅನೋಟೇಟಿವ್ ಬ್ಲಾಕ್. ಬ್ಲಾಕ್ ಅಂದರೆ ಹೆಸರು ಕೊಟ್ಟು ಉಳಿಸಿಟ್ಟ ಚಿಹ್ನೆ; ಅನೋಟೇಟಿವ್ ಅಂದರೆ ಸ್ಕೇಲಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವುದು. ರಸ್ತೆ ತಿರುಗಿದ ಹಾಗೆ ಹಾಳೆಯ ವ್ಯೂಪೋರ್ಟನ್ನೂ (ಡ್ರಾಯಿಂಗ್ ಕಾಣುವ ಕಿಟಕಿಯನ್ನೂ) ತಿರುಗಿಸುತ್ತೇವಲ್ಲ, ಆಗ ಸಾಮಾನ್ಯ ಬ್ಲಾಕ್‌ಗಳೆಲ್ಲ ವಾಲಿಕೊಳ್ಳುತ್ತವೆ. ಬ್ಲಾಕ್ ಮಾಡುವಾಗಲೇ ಲೇಔಟ್‌ಗೆ ದಿಕ್ಕು ಹೊಂದಿಸುವ ಆಯ್ಕೆಗೆ ಗುರುತು ಹಾಕಿದ್ದರೆ ಕಂಬ, ದೇವಸ್ಥಾನ ಎಲ್ಲ ನೆಟ್ಟಗೆ ನಿಲ್ಲುತ್ತವೆ. 1:1000, 1:2500 ಎರಡೂ ಸ್ಕೇಲ್ ಸೇರಿಸಿದ್ದರೆ ಕಾಗದದ ಮೇಲೆ ಗಾತ್ರವೂ ಒಂದೇ. ಮೋರಿಗೆ ಮಾತ್ರ ಈ ಸೌಲಭ್ಯ ಬೇಡವೇ ಬೇಡ, ಅದು ರಸ್ತೆಯ ಜೊತೆಗೇ ತಿರುಗಬೇಕು.

ಹೆಸರಿನ ವಿಷಯದಲ್ಲಿ ಎಚ್ಚರ. ಡ್ರಾಯಿಂಗಿನಲ್ಲಿ 'ಟ್ರೀ' ಎಂಬ ಬ್ಲಾಕ್ ಆಗಲೇ ಇದ್ದು, ಬೇರೆ ಕಡತದಿಂದ ಅದೇ ಹೆಸರಿನದನ್ನು ತಂದು ಅಂಟಿಸಿದರೆ ಹಳೆಯ ಆಕಾರವೇ ಉಳಿಯುತ್ತದೆ. ಹೆಸರಿನ ಮುಂದೆ ಯೋಜನೆಯ ಸಂಕೇತ ಸೇರಿಸಿಡಿ.

ಆಟೋಕ್ಯಾಡ್ ಚಂದಾ ದುಬಾರಿ. ಸಣ್ಣ ಕಚೇರಿಯವರು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ನೋಡಿ. ಅದು ಉಚಿತ, ಸ್ಟೈಲ್ ಮ್ಯಾನೇಜರಿನಿಂದ ಚಿಹ್ನೆಗಳ ಇಡೀ ಸಂಗ್ರಹವನ್ನು ಒಂದೇ ಎಕ್ಸ್‌ಎಂಎಲ್ ಕಡತವಾಗಿ ಸಹೋದ್ಯೋಗಿಗೆ ಕಳಿಸಬಹುದು. ಎಸ್‌ವಿಜಿ ಚಿತ್ರ ಬಳಸಿದ್ದರೆ ಮೊದಲು ಅದನ್ನು ಚಿಹ್ನೆಯೊಳಗೇ ಎಂಬೆಡ್ ಮಾಡಿ.