ಅಪ್‌ಟೈಮ್ ನೂರಕ್ಕೆ ನೂರು, ರೀಡಿಂಗ್ ಮಾತ್ರ ತಪ್ಪು: ಲ್ಯಾಬ್ ಉಪಕರಣ ಟ್ರ್ಯಾಕಿಂಗ್ ಸಾಫ್ಟ್‌ವೇರ್ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಕಡಿಮೆ ಮಾಡಿದ ಎರಡು ಸ್ಟಾರ್‌ಗೂ ಕಾರಣ ಒಂದೇ. ಉಪಕರಣ ಆನ್ ಇದ್ದು, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು, ಈ ಸಾಫ್ಟ್‌ವೇರ್ ಅದನ್ನು 'ಅಪ್' ಎಂದು ಬರೆದುಕೊಳ್ಳುತ್ತದೆ. ಅದು ಸರಿಯಾಗಿ ಅಳೆಯುತ್ತಿದೆಯೋ ಇಲ್ಲವೋ ನೋಡುವುದೇ ಇಲ್ಲ. ಅಳೆಯುವುದಕ್ಕೇ ಇರುವ ಯಂತ್ರದ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ಗಡಿಯಾರ ಓಡುತ್ತಿದೆ ಅಂದ ಮಾತ್ರಕ್ಕೆ ಸರಿಯಾದ ಟೈಮ್ ತೋರಿಸುತ್ತಿದೆ ಅಂತ ಹೇಳಕ್ಕಾಗಲ್ಲ, ಅಲ್ವಾ?

ಫೀಚರ್‌ಗಳ ಪಟ್ಟಿ ನೀವು ಆಗಲೇ ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಹೆಸರನ್ನೂ ಬರೆಯುತ್ತಿಲ್ಲ. ಕೊಳ್ಳುವ ಮೊದಲು ಟ್ರಯಲ್ ಹಾಕಿ ನೋಡಿದ ಬೇರೆ ಟ್ರ್ಯಾಕರ್‌ಗಳಲ್ಲೂ ಅಪ್‌ಟೈಮ್ ಲೆಕ್ಕ ಹೆಚ್ಚು ಕಡಿಮೆ ಹೀಗೇ ಇತ್ತು. ನಮ್ಮದು ಸಣ್ಣ ಲ್ಯಾಬ್. ಅರ್ಧಕ್ಕರ್ಧ ಉಪಕರಣಗಳು ಸೆಕೆಂಡ್ ಹ್ಯಾಂಡ್. ಮಲ್ಟಿಮೀಟರ್, ಪವರ್ ಸಪ್ಲೈ ಸಾಕಷ್ಟಿವೆ, ಆದರೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಯಂತ್ರ) ಒಂದೇ. ಅದು ನಿಂತರೆ ಅದನ್ನು ನಂಬಿದ ಕೆಲಸ ಪೂರ್ತಿ ನಿಲ್ಲುತ್ತದೆ. ಸ್ಪೇರ್ ಇಡುವಷ್ಟು ಬಜೆಟ್ ಇಲ್ಲದವರಿಗೆ ಯಾವ ಯಂತ್ರ ಯಾವಾಗ ಕೈಕೊಡಬಹುದು ಅನ್ನುವುದು ಮೊದಲೇ ಗೊತ್ತಾಗಬೇಕು. ಇದನ್ನು ತೆಗೆದುಕೊಂಡಿದ್ದೇ ಆ ಆಸೆಯಿಂದ.

ಇದು ಕೆಲಸ ಮಾಡುವ ರೀತಿ ಸರಳ. ಐದೈದು ನಿಮಿಷಕ್ಕೆ ಪ್ರತಿ ಉಪಕರಣಕ್ಕೂ ಸ್ಟಾರ್ ಐಡಿಎನ್ ಕಮಾಂಡ್ ಕಳಿಸುತ್ತದೆ. 'ನೀನು ಯಾರು' ಎಂದು ಕೇಳುವ ಕಮಾಂಡ್ ಇದು. 1987ರ ಐಟ್ರಿಪಲ್‌ಇ 488.2 ಸ್ಟ್ಯಾಂಡರ್ಡ್‌ನಿಂದ ಬಂದಿದ್ದು, ಆಮೇಲೆ ಬಂದ ಬಹುತೇಕ ಬೆಂಚ್ ಉಪಕರಣಗಳಿಗೆ ಅರ್ಥವಾಗುತ್ತದೆ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಫರ್ಮ್‌ವೇರ್ ವರ್ಷನ್ ಇಷ್ಟು ವಾಪಸ್ ಬಂದರೆ ಹೆಸರಿನ ಮುಂದೆ ಹಸಿರು ಚುಕ್ಕೆ. ಬರದಿದ್ದರೆ ಕೆಂಪು. ಎಲ್ಲ ಹಸಿರು ಇರುವ ಡ್ಯಾಶ್‌ಬೋರ್ಡ್ ನೋಡುವುದಕ್ಕೆ ಖುಷಿಯಾಗುತ್ತದೆ, ನಿಜ.

ಆದರೆ ಆ ಉತ್ತರ ಕೊಡುವುದು ಒಳಗಿನ ಪ್ರೊಸೆಸರ್. ಅಳತೆ ಮಾಡುವುದು ಮುಂದಿನ ಭಾಗ, ಅಂದರೆ ಇನ್‌ಪುಟ್ ಕನೆಕ್ಟರ್, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್, ರಿಲೇಗಳು, ಮಿಕ್ಸರ್. ನಮ್ಮ ಅನಲೈಸರ್‌ಗೆ ಯಾವುದೋ ಟೆಸ್ಟ್‌ನಲ್ಲಿ ತಡೆಯಲಾರದಷ್ಟು ಪವರ್ ಹೋಗಿ ಇನ್‌ಪುಟ್ ಏಟು ತಿಂದಿತ್ತು. ಪೂರ್ತಿ ಸತ್ತಿರಲಿಲ್ಲ. ಸಿಗ್ನಲ್ ಕಾಣುತ್ತಿತ್ತು, ಫ್ರೀಕ್ವೆನ್ಸಿ ಸರಿ ಇತ್ತು, ನಾಯ್ಸ್ ಫ್ಲೋರ್ (ಸಿಗ್ನಲ್ ಇಲ್ಲದಾಗಲೂ ತಳದಲ್ಲಿ ಕಾಣುವ ಗದ್ದಲ) ನೋಡಿದರೂ ಅನುಮಾನ ಬರುವಂತಿರಲಿಲ್ಲ. ಲೆವೆಲ್ ಮಾತ್ರ ಸುಮಾರು 6 ಡಿಬಿ ಕಡಿಮೆ. 6 ಡಿಬಿ ಅಂದರೆ ಇರುವ ಪವರ್‌ನಲ್ಲಿ ಕಾಲು ಭಾಗ ಮಾತ್ರ ತೋರಿಸುತ್ತಿದೆ ಎಂದು ಅರ್ಥ. ಎಮಿಷನ್ ಮಿತಿ (ಹೊರಸೂಸಬಹುದಾದ ರೇಡಿಯೋ ಅಲೆಗಳ ಮಿತಿ) ದಾಟಿದ ಬೋರ್ಡ್ ಕೂಡ ಇದರ ಮುಂದೆ ಪಾಸ್ ಆಗಿಬಿಡುತ್ತದೆ. ಅನಲೈಸರ್‌ನದೇ 50 ಮೆಗಾಹರ್ಟ್ಸ್ ಕ್ಯಾಲ್ ಔಟ್‌ಪುಟ್ (ಲೆವೆಲ್ ಮೊದಲೇ ಗೊತ್ತಿರುವ ಸಿಗ್ನಲ್) ಅನ್ನು ಒಂದು ಚಿಕ್ಕ ಕೇಬಲ್‌ನಲ್ಲಿ ಇನ್‌ಪುಟ್‌ಗೆ ಕೊಟ್ಟು ನೋಡಿದಾಗ ವಿಷಯ ಬಯಲಾಯಿತು. ಅಲ್ಲಿಯವರೆಗೂ ಚುಕ್ಕೆ ಹಸಿರು. ಆ ತಿಂಗಳ ರಿಪೋರ್ಟ್‌ನಲ್ಲಿ ಅದರ ಅಪ್‌ಟೈಮ್ ಶೇಕಡಾ 100.

ಸೆಲ್ಫ್ ಟೆಸ್ಟ್ ಆಯ್ಕೆ ಇದೆಯಲ್ಲ ಅಂತ ಕೇಳಬಹುದು. ಇದೆ. ಸ್ಟಾರ್ ಟಿಎಸ್‌ಟಿ ಕಮಾಂಡ್ ಕಳಿಸಿದರೆ ಉಪಕರಣ ತನ್ನನ್ನು ತಾನು ಪರೀಕ್ಷಿಸಿಕೊಂಡು, ಎಲ್ಲ ಸರಿ ಇದ್ದರೆ ಸೊನ್ನೆ ಕೊಡುತ್ತದೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದು ಮೆಮೊರಿ, ಒಳಗಿನ ವೋಲ್ಟೇಜ್‌ಗಳು, ಸಿಗ್ನಲ್ ಅನ್ನು ಅಂಕಿಯಾಗಿಸುವ ಎಡಿಸಿ ಇಂಥವನ್ನು ನೋಡುತ್ತದೆ. ಹೊರಗಿನ ಕನೆಕ್ಟರ್‌ನಿಂದ ಒಳಗೆ ಬರುವ ದಾರಿ ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಅನಲೈಸರ್ ಸೊನ್ನೆಯನ್ನೇ ಕೊಡುತ್ತಿತ್ತು.

ಅದೇ ರಿಪೋರ್ಟ್‌ನಲ್ಲಿ ಕೊನೆಯ ಸ್ಥಾನ ಯಾವುದಕ್ಕೆ ಗೊತ್ತಾ? ನಾವು ಎಲ್ಲಕ್ಕಿಂತ ಜಾಸ್ತಿ ಜೋಪಾನ ಮಾಡುವ ಆರೂವರೆ ಡಿಜಿಟ್‌ನ, ಬಹಳ ನಿಖರವಾದ ಮಲ್ಟಿಮೀಟರ್‌ಗೆ. ಅದು ವರ್ಷದ ಕ್ಯಾಲಿಬ್ರೇಷನ್‌ಗೆ, ಅಂದರೆ ಸರಿಯಾಗಿ ಅಳೆಯುತ್ತಿದೆಯೇ ಎಂದು ಖಾತ್ರಿ ಮಾಡಿಸುವುದಕ್ಕೆ, ಹೊರಗೆ ಹೋಗಿತ್ತು. ಕ್ಯಾಲಿಬ್ರೇಷನ್‌ಗೆ ಹೋದ ದಿನಗಳನ್ನೂ ಕೆಟ್ಟು ನಿಂತ ದಿನಗಳನ್ನೂ ಇದು ಒಂದೇ ಲೆಕ್ಕಕ್ಕೆ ಹಾಕುತ್ತದೆ. ಸೆಮಿಕಂಡಕ್ಟರ್ ಕಾರ್ಖಾನೆಗಳು ಅನುಸರಿಸುವ ಸೆಮಿ ಇ10 ಸ್ಟ್ಯಾಂಡರ್ಡ್‌ನಲ್ಲಿ ಯಂತ್ರದ ಸಮಯವನ್ನು ಆರು ಸ್ಥಿತಿಗಳಾಗಿ ಹಂಚುತ್ತಾರೆ. ಉತ್ಪಾದನೆ, ಕೆಲಸಕ್ಕೆ ಸಿದ್ಧವಾಗಿ ಕಾಯುತ್ತಿರುವುದು, ಎಂಜಿನಿಯರಿಂಗ್ ಪ್ರಯೋಗ, ಮೊದಲೇ ಗೊತ್ತುಮಾಡಿದ ನಿಲುಗಡೆ, ಹಠಾತ್ ನಿಲುಗಡೆ, ಕೆಲಸದ ವೇಳಾಪಟ್ಟಿಯಲ್ಲೇ ಇಲ್ಲದ ಸಮಯ. ಆರೂ ಬೇಡ, ನಮ್ಮಂಥವರಿಗೆ ನಾಲ್ಕು ಇದ್ದರೂ ಸಾಕು. ಇಲ್ಲಿ ಇರುವುದು ಎರಡೇ, ಅಪ್ ಮತ್ತು ಡೌನ್. ಸಪೋರ್ಟ್‌ಗೆ ಬರೆದೆ. ಡಿಸೈನ್ ಇರುವುದೇ ಹಾಗೆ ಎಂದು ಉತ್ತರ ಬಂತು.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತರಿಸಿದ್ದು ಡೌನ್‌ಟೈಮ್ ಎಲ್ಲಿಂದ ಶುರು ಅನ್ನುವ ವಿಷಯ. ಟಿಕೆಟ್ (ಯಂತ್ರದ ಬಗ್ಗೆ ದೂರು) ತೆರೆದ ಕ್ಷಣವೇ ಯಂತ್ರ ಕೆಟ್ಟ ಕ್ಷಣ ಎಂದು ಸಾಫ್ಟ್‌ವೇರ್ ಭಾವಿಸುತ್ತದೆ. ಬಲ್ಬ್‌ಗೆ, ಸರ್ವರ್‌ಗೆ ಈ ಲೆಕ್ಕ ನಡೆಯುತ್ತದೆ, ಯಾಕೆಂದರೆ ಕೆಟ್ಟದ್ದು ತಕ್ಷಣ ಗೊತ್ತಾಗುತ್ತದೆ. ಅಳೆಯುವ ಉಪಕರಣದಲ್ಲಿ ಕೆಟ್ಟದ್ದು ಯಾವತ್ತೋ, ಗೊತ್ತಾಗುವುದು ಯಾವತ್ತೋ. ನಡುವೆ ಮಾಡಿದ ಅಳತೆಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಟೆಸ್ಟಿಂಗ್, ಕ್ಯಾಲಿಬ್ರೇಷನ್ ಲ್ಯಾಬ್‌ಗಳ ಸ್ಟ್ಯಾಂಡರ್ಡ್ ಆದ ಐಎಸ್‌ಒ/ಐಇಸಿ 17025ರ 2017ರ ಆವೃತ್ತಿ ಕೂಡ ಇದನ್ನೇ ಕೇಳುತ್ತದೆ. ದೋಷ ಕಂಡ ಉಪಕರಣವನ್ನು ಬಳಕೆಯಿಂದ ತೆಗೆಯಿರಿ, ಆ ದೋಷದಿಂದ ಏನೇನು ಪರಿಣಾಮ ಆಗಿದೆ ಎಂದು ಪರಿಶೀಲಿಸಿ ಎನ್ನುತ್ತದೆ. ಹಾಗಾಗಿ ಸರಿ ಇತ್ತು ಎಂದು ಕೊನೆಯ ಬಾರಿ ಖಾತ್ರಿಯಾದ ದಿನದಿಂದಲೇ ಲೆಕ್ಕ ಶುರುವಾಗಬೇಕು. ಕೊನೆಯ ಖಾತ್ರಿ ವರ್ಷದ ಹಿಂದಿನ ಕ್ಯಾಲಿಬ್ರೇಷನ್ ಆಗಿದ್ದರೆ, ಒಂದು ವರ್ಷದ ಕೆಲಸ ಮತ್ತೆ ತಿರುವಿ ನೋಡಬೇಕು. 'ಕೊನೆಯದಾಗಿ ಸರಿ ಇದ್ದ ದಿನಾಂಕ' ಅನ್ನುವ ಒಂದು ಕಾಲಂ ಇದ್ದಿದ್ದರೆ ಒಂದು ಸ್ಟಾರ್ ವಾಪಸ್ ಕೊಡುತ್ತಿದ್ದೆ.

ಇನ್ನೊಂದು ಕಿರಿಕಿರಿ ಜಿಪಿಐಬಿ (ಉಪಕರಣವನ್ನು ಕಂಪ್ಯೂಟರ್‌ಗೆ ಜೋಡಿಸುವ ಹಳೆಯ ವ್ಯವಸ್ಥೆ) ಬಳಸುವ ಹಳೆಯ ಉಪಕರಣಗಳು ಇರುವವರಿಗೆ. ಐದು ನಿಮಿಷಕ್ಕೊಮ್ಮೆ ಕಮಾಂಡ್ ಬಂದಾಗ ಉಪಕರಣ ರಿಮೋಟ್ ಸ್ಥಿತಿಗೆ ಹೋಗುತ್ತದೆ. ನೀವು ನಾಬ್ ಹಿಡಿದು ನಿಧಾನವಾಗಿ ವೋಲ್ಟೇಜ್ ಏರಿಸುತ್ತಿರುತ್ತೀರಿ, ಕಣ್ಣು ಬೋರ್ಡ್ ಮೇಲೆ ಇರುತ್ತದೆ. ಇದ್ದಕ್ಕಿದ್ದಂತೆ ನಾಬ್ ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ತಲೆ ಎತ್ತಿ ನೋಡಿದರೆ ಡಿಸ್‌ಪ್ಲೇ ಮೂಲೆಯಲ್ಲಿ ರಿಮೋಟ್ ಗುರುತು. ಲೋಕಲ್ ಬಟನ್ ಒತ್ತಿ ಮತ್ತೆ ಶುರು ಮಾಡಬೇಕು. ಕೊನೆಗೆ ಇಂಥ ಉಪಕರಣಗಳಿಗೆಲ್ಲ ಪಿಂಗ್ ಅನ್ನು (ಆ 'ನೀನು ಯಾರು' ಪ್ರಶ್ನೆಯನ್ನು) ದಿನಕ್ಕೊಮ್ಮೆ, ಕೆಲಸ ಶುರುವಾಗುವ ಮುಂಚೆ ಮಾತ್ರ ಎಂದು ಸೆಟ್ ಮಾಡಿದೆವು.

ಎಂಟಿಬಿಎಫ್ (ಒಮ್ಮೆ ಕೆಟ್ಟದ್ದಕ್ಕೂ ಮತ್ತೆ ಕೆಡುವುದಕ್ಕೂ ನಡುವಿನ ಸರಾಸರಿ ಸಮಯ) ನಂಬರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಓಡಿದ ಒಟ್ಟು ಗಂಟೆಗಳನ್ನು ಕೆಟ್ಟ ಸಲಗಳಿಂದ ಭಾಗಿಸಿದರೆ ಅದು ಬರುತ್ತದೆ. ಒಂದು ಪವರ್ ಸಪ್ಲೈ 4000 ಗಂಟೆ ಓಡಿ, ಅಷ್ಟರಲ್ಲಿ ಒಮ್ಮೆ ಕೆಟ್ಟಿದ್ದರೆ ಸಾಫ್ಟ್‌ವೇರ್ ದಪ್ಪ ಅಕ್ಷರದಲ್ಲಿ 4000 ಎಂದು ತೋರಿಸುತ್ತದೆ. ಕೆಡುವ ದರ ಒಂದೇ ಸಮ ಇದೆ ಎಂದು ಹಿಡಿದು ಲೆಕ್ಕ ಹಾಕಿದರೂ, ಒಂದೇ ಒಂದು ಫೇಲ್ಯೂರ್‌ನಿಂದ ಶೇಕಡಾ 90ರ ಖಾತ್ರಿಯಲ್ಲಿ ಹೇಳಬಹುದಾದದ್ದು ಸುಮಾರು 840 ಗಂಟೆಯಿಂದ 78,000 ಗಂಟೆಯವರೆಗೆ ಎಲ್ಲಾದರೂ ಇರಬಹುದು ಅಂತ ಮಾತ್ರ. ಇಷ್ಟು ಅಗಲದ ವ್ಯಾಪ್ತಿ ಇಟ್ಟುಕೊಂಡು ಯಾವ ಯಂತ್ರ ಬದಲಿಸಬೇಕು ಎಂದು ತೀರ್ಮಾನ ಮಾಡುವುದಕ್ಕಾಗುವುದಿಲ್ಲ. ವ್ಯಾಪ್ತಿಯನ್ನು ಪಕ್ಕದಲ್ಲೇ ಬರೆದಿದ್ದರೆ ಆ ನಂಬರ್ ಹಿಡಿದುಕೊಂಡು ಯಾರೂ ವಾದ ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ಮೂರು ಸ್ಟಾರ್ ಯಾಕೆ? ಅನಲೈಸರ್ ಪ್ರಸಂಗ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಹುಡುಕುವಾಗ 'ಕಸ್ಟಮ್ ರೀಡಿಂಗ್' ಎಂಬ ಆಯ್ಕೆ ಕಣ್ಣಿಗೆ ಬಿತ್ತು. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇಲ್ಲ. ಉಪಕರಣದ ಕ್ಯೂಆರ್ ಸ್ಟಿಕ್ಕರ್ ಸ್ಕ್ಯಾನ್ ಮಾಡಿ ಒಂದು ನಂಬರ್ ಬರೆದರೆ ಸಾಕು, ಅದು ಗ್ರಾಫ್ ಮೇಲೆ ಒಂದು ಬಿಂದುವಾಗಿ ಕೂರುತ್ತದೆ. ಮೇಲಿನ ಮಿತಿ, ಕೆಳಗಿನ ಮಿತಿ ನಾವೇ ಹಾಕಬಹುದು.

ಅಲ್ಲಿಂದ ನಮ್ಮ ಬೆಳಗ್ಗೆಯೇ ಬದಲಾಯಿತು. ಬಂದ ತಕ್ಷಣ ಎಲ್ಲ ಸ್ವಿಚ್ ಆನ್ ಮಾಡುತ್ತೇವೆ. ಸ್ಕೋಪ್‌ಗಳಿಗೆ (ಸಿಗ್ನಲ್‌ನ ಅಲೆ ತೋರಿಸುವ ಆಸಿಲೋಸ್ಕೋಪ್) ಅರ್ಧ ಗಂಟೆ, ದೊಡ್ಡ ಮಲ್ಟಿಮೀಟರ್‌ಗೆ ಒಂದು ಗಂಟೆ ಬಿಸಿಯಾಗಲು ಬಿಡುತ್ತೇವೆ. ಆಮೇಲೆ ಪ್ರೋಬ್ ತುದಿಯನ್ನು ಸ್ಕೋಪ್ ಮುಂಭಾಗದ 1 ಕಿಲೋಹರ್ಟ್ಸ್ ಪಿನ್‌ಗೆ ಸಿಕ್ಕಿಸುತ್ತೇವೆ. ಚೌಕ ಅಲೆಯ ಮೂಲೆ ದುಂಡಗಾಗಿದ್ದರೆ ಅಥವಾ ಮೇಲಕ್ಕೆ ಚೂಪಾಗಿ ಎದ್ದಿದ್ದರೆ ಪ್ರೋಬ್‌ನ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೇರ ಮಾಡುತ್ತೇವೆ. ಮೂಲೆ ಸರಿಯಾಗಿ ಕೂತಾಗ ಸಿಗುವ ಸಮಾಧಾನವೇ ಬೇರೆ. ಮಲ್ಟಿಮೀಟರ್‌ಗೆ, ಸ್ಥಿರ ವೋಲ್ಟೇಜ್ ಕೊಡುವ ಎಲ್‌ಎಂ399 ಚಿಪ್ ಇಟ್ಟು ಕಟ್ಟಿದ 10 ವೋಲ್ಟ್ ರೆಫರೆನ್ಸ್ ಪೆಟ್ಟಿಗೆ ಇದೆ. ಅದರ ತಂತಿ ಸಿಕ್ಕಿಸಿದ ಕೂಡಲೇ ರೀಡಿಂಗ್ ಬರೆದುಕೊಳ್ಳುವುದಿಲ್ಲ. ಕೈ ಮುಟ್ಟಿದ ಟರ್ಮಿನಲ್ ಬೆಚ್ಚಗಾಗಿ, ಎರಡು ಲೋಹ ಸೇರುವ ಜಾಗದಲ್ಲಿ ಮೈಕ್ರೋವೋಲ್ಟ್‌ಗಳು ಹುಟ್ಟುತ್ತವೆ. ಅದು ತಣಿಯುವವರೆಗೆ ಕಾದು, ಕೊನೆಯ ಅಂಕಿ ನಿಂತ ಮೇಲೆ ಬರೆಯುತ್ತೇವೆ. ಅನಲೈಸರ್‌ಗೆ ಅದೇ 50 ಮೆಗಾಹರ್ಟ್ಸ್ ಕೇಬಲ್, ಲೆವೆಲ್ ಎಷ್ಟು ಎಂದು ಒಂದು ಎಂಟ್ರಿ.

ಬಿಸಿಯಾಗುವ ಹೊತ್ತು ಬಿಟ್ಟರೆ ಇಷ್ಟಕ್ಕೆ ಜಾಸ್ತಿ ಸಮಯ ಹಿಡಿಯುವುದಿಲ್ಲ. ಆದರೆ ಅನುಮಾನಕ್ಕೆ ಬೀಳುವ ಅವಧಿ ಒಂದು ವರ್ಷದಿಂದ ಒಂದು ದಿನಕ್ಕೆ ಇಳಿಯುತ್ತದೆ. ಹಾಗಂತ ಇದು ಕ್ಯಾಲಿಬ್ರೇಷನ್‌ಗೆ ಬದಲಿ ಅಲ್ಲ, ಒಂದೊಂದು ಬಿಂದುವನ್ನಷ್ಟೇ ನೋಡುತ್ತದೆ. ಆ ಬಿಂದುಗಳು ಸೇರಿ ಗೆರೆಯಾದಾಗ ಒಂದು ಮೀಟರ್ ನಿಧಾನವಾಗಿ ಒಂದೇ ದಿಕ್ಕಿಗೆ ಜಾರುತ್ತಿರುವುದು ಬರಿಗಣ್ಣಿಗೆ ಕಾಣುತ್ತದೆ. ಇನ್ನೂ ಮಿತಿಯೊಳಗೇ ಇರುವಾಗ ಅದನ್ನು ಕ್ಯಾಲಿಬ್ರೇಷನ್‌ಗೆ ಕಳಿಸಿದೆವು, ಕೆಲಸ ಕೆಡಲಿಲ್ಲ.

ಎರಡನೆಯ ಖುಷಿ 'ಜಾಗ' ಅನ್ನುವ ಕಾಲಂ ಕೊಟ್ಟಿತು. ನಮ್ಮಲ್ಲಿ ಕೆಲವು ಉಪಕರಣಗಳು ಪದೇ ಪದೇ ಹ್ಯಾಂಗ್ ಆಗುತ್ತಿದ್ದವು. ರಿಪೇರಿಗೆ ಕಳಿಸಿದರೆ 'ದೋಷ ಕಂಡುಬಂದಿಲ್ಲ' ಎಂಬ ಚೀಟಿ ಅಂಟಿಸಿಕೊಂಡು ವಾಪಸ್ ಬರುತ್ತಿದ್ದವು. ಹೋಗಿ ಬರುವ ಖರ್ಚು, ಕಾಯುವ ದಿನಗಳು ಎಲ್ಲ ಸುಮ್ನೆ ದಂಡ. ಸೀರಿಯಲ್ ನಂಬರ್ ಪ್ರಕಾರ ಲಾಗ್ ನೋಡಿದರೆ ಏನೂ ಹೊಳೆಯುತ್ತಿರಲಿಲ್ಲ, ಬೇರೆ ಬೇರೆ ಯಂತ್ರ, ಬೇರೆ ಬೇರೆ ದಿನ. ಜಾಗದ ಪ್ರಕಾರ ಜೋಡಿಸಿದ ಕೂಡಲೇ ದೂರುಗಳೆಲ್ಲ ಒಂದೇ ಬೆಂಚ್‌ನಲ್ಲಿ ಗುಂಪಾಗಿ ನಿಂತವು. ಆ ಬೆಂಚ್‌ನ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿ ಒಂದು ಸಾಕೆಟ್‌ನ ಅರ್ತ್ ಸಡಿಲವಾಗಿತ್ತು. ಬೋರ್ಡ್ ಬದಲಿಸಿದ ಮೇಲೆ ಅಲ್ಲಿ ಯಾವ ಯಂತ್ರವೂ ಹ್ಯಾಂಗ್ ಆಗಿಲ್ಲ. ಉಪಕರಣಗಳ ತಪ್ಪೇ ಇರಲಿಲ್ಲ! ಈಗ ಎಕ್ಸ್‌ಟೆನ್ಷನ್ ಬೋರ್ಡ್, ಕೇಬಲ್, ಅಡಾಪ್ಟರ್‌ಗಳಿಗೂ ಕ್ಯೂಆರ್ ಅಂಟಿಸಿದ್ದೇವೆ. ರೇಡಿಯೋ ಫ್ರೀಕ್ವೆನ್ಸಿ ಕೇಬಲ್‌ಗಳಿಗೆ ಹಾಕುವ ಎಸ್‌ಎಂಎ ಕನೆಕ್ಟರ್‌ಗಳನ್ನು ಸಾಮಾನ್ಯವಾಗಿ 500 ಸಲ ಜೋಡಿಸಿ ಬಿಚ್ಚುವುದಕ್ಕೆ ಎಂದೇ ಮಾಡಿರುತ್ತಾರೆ. ದಿನವೂ ಕೈಯಾಡುವ ಅಡಾಪ್ಟರ್ ಆ ಮಿತಿಗೆ ಬೇಗ ಬರುತ್ತದೆ, ಅದನ್ನೂ ಲೆಕ್ಕ ಇಡಲೇಬೇಕು.

ಹಳೆಯ ಉಪಕರಣ ಇರುವವರು ರಿಮೈಂಡರ್ ಆಯ್ಕೆಯನ್ನೂ ಬಳಸಿ. ಹಳೆಯ ಕೆಲವು ಮಾಡೆಲ್‌ಗಳು ಕ್ಯಾಲಿಬ್ರೇಷನ್ ಅಂಕಿಗಳನ್ನು ಬ್ಯಾಟರಿ ಇರುವ ಮೆಮೊರಿ ಚಿಪ್‌ನಲ್ಲಿ ಇಟ್ಟುಕೊಂಡಿರುತ್ತವೆ. ಬ್ಯಾಟರಿ ಸತ್ತ ದಿನ ಅವೂ ಹೋಗುತ್ತವೆ. ಚಿಪ್ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಅದನ್ನು ನೋಡಿ, ಹತ್ತು ವರ್ಷ ಆಗುವುದಕ್ಕೆ ಮುಂಚೆಯೇ ಒಳಗಿನ ಡೇಟಾ ಕಾಪಿ ಮಾಡಿಕೊಳ್ಳುವಂತೆ ಎಚ್ಚರಿಕೆ ಹಾಕಿಡಿ. ಫ್ಯಾನ್ ಫಿಲ್ಟರ್ ಕ್ಲೀನಿಂಗ್‌ಗೂ ಒಂದು ಇರಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಸ್ಸು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮುಂದಿನ ವರ್ಷಕ್ಕೆ ನವೀಕರಣ ಮಾಡಿದ್ದೇವೆ, ಆದರೆ ಕೆಳಗಿನ ಪ್ಲಾನ್‌ಗೆ. ಲೈವ್ ಪಿಂಗ್ ಮತ್ತು ಅಪ್‌ಟೈಮ್ ರಿಪೋರ್ಟ್ ಇರುವ ಮಾಡ್ಯೂಲ್ ಬಿಟ್ಟೆವು. ಲಾಗ್, ಕಸ್ಟಮ್ ರೀಡಿಂಗ್, ರಿಮೈಂಡರ್ ಇಟ್ಟುಕೊಂಡೆವು. ರಾತ್ರಿಯಿಡೀ ತಾನೇ ಓಡುವ ಟೆಸ್ಟ್ ರ‍್ಯಾಕ್‌ಗಳು ನಿಮ್ಮಲ್ಲಿದ್ದರೆ ಪಿಂಗ್ ಮಾಡ್ಯೂಲ್ ಬೇಕಾಗಬಹುದು, ಯಾಕೆಂದರೆ ಅಲ್ಲಿ ಯಂತ್ರ ಹ್ಯಾಂಗ್ ಆದರೆ ನೋಡುವುದಕ್ಕೆ ಯಾರೂ ಇರುವುದಿಲ್ಲ. ಟ್ರಯಲ್‌ನಲ್ಲಿರುವಾಗಲೇ ಎಕ್ಸ್‌ಪೋರ್ಟ್ ಮಾಡಿ ನೋಡಿ. ರೀಡಿಂಗ್‌ಗಳು ಸಿಎಸ್‌ವಿ ಫೈಲ್ ಆಗಿ ಚೆನ್ನಾಗಿ ಬರುತ್ತವೆ, ಆದರೆ ಟಿಕೆಟ್‌ಗೆ ಸೇರಿಸಿದ ಫೋಟೋಗಳು ಜೊತೆಗೆ ಬರುವುದಿಲ್ಲ. ಅವನ್ನು ನಾವು ಬೇರೆ ಫೋಲ್ಡರ್‌ನಲ್ಲಿ, ಸೀರಿಯಲ್ ನಂಬರ್ ಹೆಸರಿನಲ್ಲಿ ಇಡುತ್ತಿದ್ದೇವೆ.