ಸಿಲಿಕೋನ್ ಕಿವಿಗೆ ಯಾವ ಸ್ನಾನ?

ನನ್ನ ಎಡಗಿವಿ ಸಿಲಿಕೋನಿನದು. ರಾತ್ರಿ ತೆಗೆದಿಡುತ್ತೇನೆ, ಬೆಳಿಗ್ಗೆ ಅಂಟು ಹಚ್ಚಿ ಕೂರಿಸಿಕೊಳ್ಳುತ್ತೇನೆ. ದಿನವಿಡೀ ಬೆವರು, ಜಿಡ್ಡು ಹೀರುವ ಅದರ ಒಳಮೈ ಕ್ಯಾಂಡಿಡಾ ಶಿಲೀಂಧ್ರಕ್ಕೂ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಕ್ಕೂ ಹೇಳಿ ಮಾಡಿಸಿದ ಮನೆ. ತೊಳೆಯದೆ ವಿಧಿಯಿಲ್ಲ. ಆದರೆ ನನ್ನ ಮೊದಲ ಕಿವಿ ಒಂದೂವರೆ ವರ್ಷದಲ್ಲೇ ಬಿಳಿಚಿಕೊಂಡು ಯಾರದೋ ಕಿವಿಯಂತೆ ಕಾಣತೊಡಗಿತು.

ಎರಡನೆಯದನ್ನು ಮಾಡಿಸುವಾಗ, ಬಣ್ಣ ಹೊಂದಿಸಲೆಂದು ಎರಕ ಹೊಯ್ದಿದ್ದ ಮಾದರಿ ಬಿಲ್ಲೆಗಳನ್ನು ತಂತ್ರಜ್ಞರಿಂದ ಕೇಳಿ ತಂದೆ. ನಾಲ್ಕನ್ನು ನಾಲ್ಕು ಬಗೆಯಲ್ಲಿ ಎರಡು ತಿಂಗಳು ತೊಳೆದೆ. ಐದನೆಯದು ಕತ್ತಲ ಡಬ್ಬಿಯಲ್ಲಿ ಕುಳಿತಿತು. ಸ್ಪಿರಿಟ್ ಸ್ಪರ್ಧೆಗೇ ಬರಲಿಲ್ಲ: ಒಮ್ಮೆ ಒರೆಸಿದಾಗಲೇ ಹಳೆಯ ಕಿವಿಯ ಹೊರಮೈಗೆ ಬಳಿದಿದ್ದ ಬಣ್ಣ ಹತ್ತಿಗೆ ಹತ್ತಿತ್ತು. ಅಕ್ರಿಲಿಕ್ ಭಾಗವಿದ್ದರೆ ಅದರಲ್ಲಿ ಕೂದಲೆಳೆಯಂಥ ಬಿರುಕುಗಳೂ ಮೂಡಬಹುದು.

ಮೊದಲು ಸೋತದ್ದು 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ, ದಿನಕ್ಕೆ ಹತ್ತು ನಿಮಿಷ. ಮೂರನೇ ವಾರಕ್ಕೆ ಬಿಲ್ಲೆಯ ನಸುಗೆಂಪು ಕರಗಿ ಹಳದಿ ಉಳಿಯಿತು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗುರುತಾಗುವಷ್ಟು ಒರಟಾಗಿತ್ತು. ಈ ದ್ರವ ರೋಗಾಣುಗಳನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಆದರೆ ಉತ್ಕರ್ಷಣದಿಂದ ಬಣ್ಣವನ್ನೂ ಕೆಡಿಸುತ್ತದೆ. ಒರಟಾದ ಮೈ ನಾಳೆ ಇನ್ನಷ್ಟು ರೋಗಾಣುಗಳಿಗೆ ನೆಲೆ ಕೊಡುತ್ತದೆ. ಅಯಸ್ಕಾಂತದಿಂದ ಕೂರಿಸುವ ಕಿವಿಯಾದರೆ ತುಕ್ಕಿನ ಚಿಂತೆ ಬೇರೆ.

ಹಲ್ಲುಸೆಟ್ಟು ತೊಳೆಯುವ ನೊರೆ ಮಾತ್ರೆ ನನಗೆ ಅಚ್ಚರಿ ತಂದಿತು. ಪೆರಾಕ್ಸೈಡಿನ ಗುಳ್ಳೆಗಳು ಉಜ್ಜದೆಯೇ ಕೊಳೆ ಎಬ್ಬಿಸುತ್ತವೆ. ಬಣ್ಣ ಒಂದು ಛಾಯೆ ತಿಳಿಯಾಯಿತು, ಅದೂ ಡಬ್ಬಿಯ ಬಿಲ್ಲೆಯನ್ನು ಪಕ್ಕಕ್ಕಿಟ್ಟು ಹಗಲ ಬೆಳಕಿನಲ್ಲಿ ನೋಡಿದರೆ ಮಾತ್ರ. ರೋಗಾಣುನಾಶಕ ದ್ರವವಾದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್‌ನಿಂದ ಹಲ್ಲಿಗೆ ಹತ್ತುವಂಥ ಕಂದು ಕಲೆ ಬರಬಹುದೆಂದು ಹೆದರಿದ್ದೆ. ಬರಲಿಲ್ಲ. ಆದರೆ ಸಾಮಾನ್ಯ ಸೋಪಿನ ಶೇಷವಿದ್ದರೆ ಅದರ ಬಲ ಕುಂದುತ್ತದೆ, ಹೈಪೋಕ್ಲೋರೈಟಿನೊಂದಿಗೆ ಬೆರೆತರೆ ಕಂದು ಗಸಿ ಕಟ್ಟುತ್ತದೆ. ಒಂದನ್ನು ಪೂರ್ತಿ ತೊಳೆದೇ ಇನ್ನೊಂದಕ್ಕೆ ಹೋಗಬೇಕು.

ಬಣ್ಣ ಉಳಿಸುವುದರಲ್ಲಿ ಗೆದ್ದದ್ದು ತಟಸ್ಥ ದ್ರವ ಸೋಪು. ಎರಡು ತಿಂಗಳ ಬಳಿಕವೂ ಅದು ಯಾವುದು, ಡಬ್ಬಿಯದು ಯಾವುದು ಎಂದು ಹೇಳಲಾಗಲಿಲ್ಲ.

ಆದರೆ ಬಿಲ್ಲೆ ಚಪ್ಪಟೆ, ಕಿವಿ ಅಲ್ಲ. ಚರ್ಮದೊಳಗೆ ಕರಗಿದಂತೆ ಕಾಣಲು ಕಿವಿಯ ಅಂಚನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಎರೆದಿರುತ್ತಾರೆ. ಇಂಥ ಸಿಲಿಕೋನಿಗೆ ಶೋರ್ ಎ ಮಾಪನದಲ್ಲಿ 25ರಿಂದ 35ರ ಗಡಸುತನ ಸೂಕ್ತವೆನ್ನುತ್ತಾರೆ, ಅಂದರೆ ಅದು ಮೆತ್ತಗಿನ ವಸ್ತು. ಒಂದು ಸಂಜೆ ಒಣಗಿದ ಅಂಟನ್ನು ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಹಾಲೆಯ ಹಿಂದಿನ ಅಂಚು ಅಕ್ಕಿಕಾಳಿನಷ್ಟುದ್ದ ಸೀಳಿತು. ನಾಲ್ಕು ದ್ರವಗಳು ಎರಡು ತಿಂಗಳಲ್ಲಿ ಮಾಡಲಾಗದ್ದನ್ನು ಆ ಬ್ರಷ್ಷು ಅರೆನಿಮಿಷದಲ್ಲಿ ಮಾಡಿತ್ತು!

ಈಗ ಬ್ರಷ್ಷಿಲ್ಲ. ಅಂಟನ್ನು ನಡುವಿನಿಂದ ಅಂಚಿನ ಕಡೆಗೆ ಬೆರಳಿನಿಂದ ಉರುಳಿಸಿ ತೆಗೆಯುತ್ತೇನೆ. ದಿನವೂ ಸೋಪು, ವಾರಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್, ಮಡಿಕೆಗಳಲ್ಲಿ ವಾಸನೆ ಕೂತರೆ ನೊರೆ ಮಾತ್ರೆ. ಸೀಳಿದ ಜಾಗವನ್ನು ತಂತ್ರಜ್ಞರು ಬೆಸೆದುಕೊಟ್ಟಿದ್ದಾರೆ. ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ.