ಎಂಟ್ರೊಪಿ ಮತ್ತು ಜೀವವಿಕಾಸದ ಪ್ರಯೋಗ ಕಿಟ್: ಕೊಡಗಿನ ಶಾಲೆಗಳಿಗೆ ಒಂದು ವಿಮರ್ಶೆ

ಎಲ್ಲವೂ ಅಸ್ತವ್ಯಸ್ತವಾಗುತ್ತಲೇ, ಅಂದರೆ ಅಸ್ತವ್ಯಸ್ತತೆಯ ಅಳತೆಯಾದ ಎಂಟ್ರೊಪಿ ಏರುತ್ತಲೇ ಹೋಗುತ್ತದೆ ಅನ್ನುವುದು ಭೌತವಿಜ್ಞಾನದ ನಿಯಮವಾದರೆ, ಒಂದು ಜೀವಕೋಶದಿಂದ ಆನೆಯವರೆಗೆ ಜೀವ ಬೆಳೆದದ್ದು ಹೇಗೆ? ಮೊಬೈಲಿನಲ್ಲಿ ವಿಡಿಯೊ ನೋಡಿದ ಮಕ್ಕಳು ತರಗತಿಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟ ಮೇಲೆ ಉತ್ತರಿಸುವ ಹೊಣೆ ಶಿಕ್ಷಕರ ಮೇಲೆ ಇನ್ನಷ್ಟು ಬಿದ್ದಿದೆ. ಈ ಪ್ರಶ್ನೆಗೆಂದೇ ಮಾಡಿದ ಕಿಟ್ ಇದು: ನಾಲ್ಕು ಪ್ರಯೋಗಗಳ ಸಾಮಾನು ಮತ್ತು ಒಂದು ಕನ್ನಡ ಕೈಪಿಡಿ. ಎಣ್ಣೆ ತಟ್ಟೆಯ ಪ್ರಯೋಗವೊಂದಕ್ಕಾದರೂ ಇದನ್ನು ಕೊಳ್ಳಬಹುದು. ಕೈಪಿಡಿಯ ಕೊನೆಯ ಅಧ್ಯಾಯವನ್ನು ಮಾತ್ರ ಮಕ್ಕಳಿಗೆ ಕೊಡಬೇಡಿ.

ಎಣ್ಣೆ ತಟ್ಟೆಗೆ ಬೇಕಾದದ್ದು ಸಪಾಟು ತಳದ ಸ್ಟೀಲ್ ತಟ್ಟೆ, ಸಿಲಿಕೋನ್ ಎಣ್ಣೆ, ಚಿಟಿಕೆ ಅಲ್ಯೂಮಿನಿಯಂ ಪುಡಿ. ಎಣ್ಣೆ 2ರಿಂದ 3 ಮಿ.ಮೀ. ಆಳವಿರಲಿ. ಪುಡಿ ಕಲಸಿ ಕೆಳಗಿನಿಂದ ಹದವಾಗಿ ಕಾಯಿಸಿದರೆ ಮೇಲ್ಮೈ ತುಂಬ ಜೇನುಗೂಡಿನಂಥ ಕೋಣೆಗಳು ಮೂಡುತ್ತವೆ. ಪ್ರತಿ ಕೋಣೆಯ ನಡುವೆ ಎಣ್ಣೆ ಮೇಲೇರಿ ಅಂಚಿನಲ್ಲಿ ಇಳಿಯುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಬೆನಾರ್ 1900ರಲ್ಲಿ ಇದನ್ನು ವಿವರಿಸಿದ್ದರು. ಯಾರೂ ಜೋಡಿಸದ ವಿನ್ಯಾಸ ಕಣ್ಣೆದುರೇ ಹುಟ್ಟುತ್ತದೆ, ಶಾಖ ನಿಲ್ಲಿಸಿದರೆ ಅಳಿದುಹೋಗುತ್ತದೆ. ಮಕ್ಕಳಿಗೆ ಎರಡನ್ನೂ ತೋರಿಸಲೇಬೇಕು.

ಕಿಟ್ಟಿನಲ್ಲಿರುವ ಸ್ಪಿರಿಟ್ ದೀಪದಿಂದ ಇದು ಕೆಡುತ್ತದೆ. ಒಂದೇ ಜಾಗ ಕಾದು ಎಣ್ಣೆಯೆಲ್ಲ ಒಂದೇ ಸುಳಿಯಾಗಿ ತಿರುಗುತ್ತದೆ, ಕೋಣೆಗಳು ಮೂಡುವುದಿಲ್ಲ. ದಪ್ಪ ದೋಸೆ ಕಾವಲಿಯನ್ನು ಕರೆಂಟ್ ಒಲೆಯ ಮೇಲಿಟ್ಟು, ಅದರ ಮೇಲೆ ತಟ್ಟೆ ಇಡಿ. ಮೇಜು ವಾಲಿದ್ದರೆ ಎಣ್ಣೆ ಒಂದು ಬದಿಗೆ ಸೇರಿ ಕೋಣೆಗಳು ಒಂದೊಂದು ಕಡೆ ಒಂದೊಂದು ಗಾತ್ರವಾಗುತ್ತವೆ, ಅದಕ್ಕೆ ಮೊದಲು ಮಟ್ಟ ನೋಡಿಕೊಳ್ಳಿ. ಮಡಿಕೇರಿಯ ಗಾಳಿಗೆ ಕಿಟಕಿ ಹಾಕಲೇಬೇಕು. ಅಲ್ಯೂಮಿನಿಯಂ ಪುಡಿ ಗಾಳಿಯಲ್ಲಿ ಹಾರಿ ಬೆಂಕಿಗೆ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ಆದ್ದರಿಂದ ಒಲೆ ಹಚ್ಚುವ ಮೊದಲೇ ಕಲಸಿಡಿ.

ಇದರ ತಾತ್ಪರ್ಯವನ್ನು ಕೈಪಿಡಿ ಸರಿಯಾಗಿಯೇ ಹೇಳಿದೆ. ಹೊರಗಿನೊಡನೆ ಯಾವ ಕೊಡುಕೊಳ್ಳುವಿಕೆಯೂ ಇಲ್ಲದ ವ್ಯವಸ್ಥೆಯ ಒಟ್ಟು ಎಂಟ್ರೊಪಿ ಕಡಿಮೆಯಾಗದು ಎಂಬುದು ನಿಯಮ. ಶಾಖ ಹರಿದುಹೋಗುತ್ತಿರುವ ಕಡೆ, ಹೊರಗೆ ಹೆಚ್ಚು ಎಂಟ್ರೊಪಿ ಚೆಲ್ಲಿ ಒಳಗೆ ವ್ಯವಸ್ಥೆ ಮೂಡುವುದಕ್ಕೆ ಅಡ್ಡಿಯಿಲ್ಲ. ಆದರೆ ಕೈಪಿಡಿ ಲೆಕ್ಕ ಕೊಟ್ಟಿಲ್ಲ, ಲೆಕ್ಕವಿಲ್ಲದೆ ಇದು ಬರೀ ಮಾತಾಗುತ್ತದೆ. ಕಪ್ಪುಹಲಗೆಯ ಮೇಲೆ ಹೀಗೆ ಬರೆಯಿರಿ: ಭೂಮಿ ಸರಾಸರಿ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 240 ಜೂಲ್ ಬಿಸಿಲನ್ನು ಹೀರಿ ಅಷ್ಟನ್ನೇ ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. ಬರುವ ಬಿಸಿಲಿನ ಉಷ್ಣತೆ 5,800 ಕೆಲ್ವಿನ್, ಹೋಗುವ ಕಿರಣದ್ದು ಸುಮಾರು 255. ಶಕ್ತಿಯನ್ನು ಉಷ್ಣತೆಯಿಂದ ಭಾಗಿಸಿದರೆ ಒಳಬಂದದ್ದು 0.04, ಹೊರಹೋದದ್ದು 0.94. ಸ್ಥೂಲವಾಗಿ, ಪ್ರತಿ ಚದರ ಮೀಟರೂ ಸೆಕೆಂಡಿಗೆ 0.9 ಜೂಲ್/ಕೆಲ್ವಿನ್ ಎಂಟ್ರೊಪಿಯನ್ನು ಆಕಾಶಕ್ಕೆ ಸಾಗಹಾಕುತ್ತಿದೆ. ಭೌತವಿಜ್ಞಾನಿ ಡೇನಿಯಲ್ ಸ್ಟೈಯರ್ 2008ರಲ್ಲಿ ಧಾರಾಳವಾಗಿ ಅಂದಾಜಿಸಿದರೂ ಇಡೀ ಜೀವವಿಕಾಸಕ್ಕೆ ಬೇಕಾದ ಎಂಟ್ರೊಪಿಯ ಇಳಿಕೆ ಸೆಕೆಂಡಿಗೆ 302 ಜೂಲ್/ಕೆಲ್ವಿನ್ ಮಾತ್ರ. ಇಡೀ ಭೂಮಿ ಹೊರಹಾಕುವುದು ಸುಮಾರು 420 ಲಕ್ಷ ಕೋಟಿ.

ಬಿಸಿಲಿದ್ದ ಮಾತ್ರಕ್ಕೆ ಜೀವ ಬೆಳೆಯುತ್ತದೆಯೇ, ಒಣ ಕೊರಡಿನ ಮೇಲೂ ಬಿಸಿಲು ಬೀಳುತ್ತದಲ್ಲ ಎಂದು ಮಗು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಶಕ್ತಿಯನ್ನು ದುಡಿಸಿಕೊಳ್ಳುವ ಕ್ರಮವೂ ಬೇಕು: ದ್ಯುತಿಸಂಶ್ಲೇಷಣೆ, ಡಿಎನ್‌ಎ ನಕಲು, ನೈಸರ್ಗಿಕ ಆಯ್ಕೆ. ಇದಕ್ಕೆ ಕಿಟ್ಟಿನಲ್ಲಿ 20 ದಾಳಗಳಿವೆ. ಎಲ್ಲವೂ ಒಂದೇ ಎಸೆತಕ್ಕೆ ಆರು ಬೀಳುವುದು ಸುಮಾರು 3,656 ಲಕ್ಷ ಕೋಟಿಯಲ್ಲಿ ಒಂದು ಸಲ. ಐದು ಸೆಕೆಂಡಿಗೊಮ್ಮೆ ಎಸೆದರೂ 58 ಕೋಟಿ ವರ್ಷ ಹಿಡಿಯುವ ಕೆಲಸ. ಆರು ಬಿದ್ದವನ್ನು ಎತ್ತಿಟ್ಟು ಉಳಿದವನ್ನಷ್ಟೇ ಎಸೆದರೆ ಸರಾಸರಿ 20 ಎಸೆತ ಸಾಕು. ಆದರೆ ಇಲ್ಲಿ ಆರು ಎಂಬ ಗುರಿ ಮೊದಲೇ ನಿಗದಿಯಾಗಿದೆ, ವಿಕಾಸಕ್ಕೆ ಅಂಥ ಗುರಿಯಿಲ್ಲ. ಕೈಪಿಡಿ ಇದನ್ನು ಹೇಳುವುದೇ ಇಲ್ಲ.

ಬೆರಕೆ ಪ್ರಯೋಗಕ್ಕೆಂದು ಕೊಟ್ಟಿರುವ 50 ಕೆಂಪು, 50 ಕಪ್ಪು ಮಣಿಗಳಿಂದ ಈ ಕೊರತೆ ತುಂಬಬಹುದು. ಕಪ್ಪು ಬಟ್ಟೆಯ ಮೇಲೆ ಚೆಲ್ಲಿ, ಮಕ್ಕಳು ಅವಸರದಲ್ಲಿ 50 ಮಣಿ ಹೆಕ್ಕಲಿ. ಉಳಿದ ಪ್ರತಿ ಮಣಿಗೂ ಅದೇ ಬಣ್ಣದ ಇನ್ನೊಂದು ಸೇರಿಸಿ. ಮೂರು ನಾಲ್ಕು ಸುತ್ತಿಗೆ ಕಪ್ಪು ಮೇಲುಗೈ ಆಗುತ್ತದೆ. ಬಟ್ಟೆ ಕೆಂಪಾದರೆ ಓಟ ತಿರುಗುತ್ತದೆ. ಒಂದು ಬಣ್ಣ ಪೂರ್ತಿ ಅಳಿದರೆ ಮರಳದು, ಆದ್ದರಿಂದ ಪ್ರತಿ ಸುತ್ತಿಗೆ ಒಂದು ಮಣಿಯ ಬಣ್ಣ ಬದಲಿಸಿ; ಅದೇ ಉತ್ಪರಿವರ್ತನೆ, ಅಂದರೆ ಡಿಎನ್‌ಎ ನಕಲಿನಲ್ಲಾಗುವ ಆಕಸ್ಮಿಕ ಬದಲಾವಣೆ. ಎರಡು ಬಣ್ಣದಲ್ಲೂ ಇನ್ನು 50 ಮಣಿ ಹೆಚ್ಚಿಗೆ ಕೊಂಡಿಡಿ.

ಯೀಸ್ಟ್ ಪ್ರಯೋಗ ಸರಳ. ಥರ್ಮಾಸಿನಲ್ಲಿ 35 ಡಿಗ್ರಿಯ 200 ಮಿ.ಲೀ. ನೀರು, 10 ಗ್ರಾಂ ಸಕ್ಕರೆ, 3 ಗ್ರಾಂ ಒಣ ಯೀಸ್ಟ್. ಯೀಸ್ಟ್ ಇಲ್ಲದ ಇನ್ನೊಂದು ಥರ್ಮಾಸನ್ನು ಹೋಲಿಕೆಗೆ ಇಡಿ. ಜೀವಕೋಶ ಹೆಚ್ಚಿದಂತೆ ಶಾಖವೂ, ಅದರೊಡನೆ ಎಂಟ್ರೊಪಿಯೂ ಹೊರಬೀಳುತ್ತದೆ. ಬಾಯಿಗೆ ಹತ್ತಿ ಇಡಿ, ಬಿರಡೆ ಬಿಗಿದರೆ ಅನಿಲದ ಒತ್ತಡಕ್ಕೆ ಸಿಡಿಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಒಡೆದ ಯೀಸ್ಟ್ ಪೊಟ್ಟಣ ತೇವ ಹಿಡಿದು ಸಾಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಕುದಿಯುವ ನೀರಲ್ಲಿ ಥರ್ಮಾಮೀಟರ್ 100 ತೋರಿಸಬೇಕು ಎನ್ನುತ್ತದೆ ಕೈಪಿಡಿ. ಮಡಿಕೇರಿಯ ಎತ್ತರದಲ್ಲಿ ಸುಮಾರು 96ಕ್ಕೇ ನೀರು ಕುದಿಯುತ್ತದೆ, ಕೆಟ್ಟಿದೆ ಎಂದು ವಾಪಸು ಕಳಿಸಬೇಡಿ.

ಇನ್ನು ಕೊನೆಯ ಅಧ್ಯಾಯ. ದಶಾವತಾರವೇ ವಿಕಾಸವಾದ, ಮತ್ಸ್ಯ ಕೂರ್ಮ ವರಾಹಗಳೇ ಅದಕ್ಕೆ ಸಾಕ್ಷಿ ಎಂದು ಅದು ಹೇಳುತ್ತದೆ. ಇದರಿಂದ ಪುರಾಣಕ್ಕೂ ನ್ಯಾಯವಿಲ್ಲ, ವಿಜ್ಞಾನಕ್ಕೂ ಇಲ್ಲ. ಅವತಾರ ಲೋಕವನ್ನು ಕಾಯಲು ಬರುವುದು. ವಿಕಾಸದಲ್ಲಿ ಮೀನಿನಿಂದ ನೇರ ಆಮೆಗೆ, ಆಮೆಯಿಂದ ಹಂದಿಗೆ ದಾರಿಯಿಲ್ಲ. ಗುರುಕಾರಣರಿಗೆ (ಕುಲದ ಹಿರಿಯರಿಗೆ) ಮೀದಿ (ಎಡೆ) ಇಡುವ ಕೊಡವ ಮನೆಯ ಮಕ್ಕಳು, ಎಮ್ಮೆಮಾಡು ದರ್ಗಾಕ್ಕೆ ಹೋಗುವವರು, ವಿರಾಜಪೇಟೆಯ ಚರ್ಚಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಊರುಗಳಿವು. ಅಲ್ಲಿ ಒಂದು ಮತದ ಕಥೆಗೆ ಭೌತವಿಜ್ಞಾನದ ಮುದ್ರೆ ಒತ್ತುವುದು ತಪ್ಪು. ವಿಕಾಸವಿಜ್ಞಾನ ಕಟ್ಟಿದವರಲ್ಲಿ ಒಬ್ಬರಾದ ದೋಬ್ಜಾನ್ಸ್ಕಿ ಕ್ರೈಸ್ತ ಶ್ರದ್ಧೆಯುಳ್ಳವರು. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದರು. ಸೃಷ್ಟಿ ಆರೇ ದಿನದಲ್ಲಿ ಆಯಿತೆಂದು ಅಕ್ಷರಶಃ ನಂಬುವವರಿಗೆ ವಿಕಾಸದೊಂದಿಗೆ ವಿರೋಧವಿರುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆ ವಿರೋಧಕ್ಕೆ ಎಂಟ್ರೊಪಿಯ ನಿಯಮ ಮಾತ್ರ ಆಧಾರವಾಗದು.

ಆ ಅಧ್ಯಾಯಕ್ಕೆ ನಿಗದಿಯಾದ ಒಂದು ಪೀರಿಯಡನ್ನು ಎಣ್ಣೆ ತಟ್ಟೆಗೇ ಕೊಡಿ. ಕಾವಲಿ ಸಮವಾಗಿ ಕಾಯುವುದಕ್ಕೆ ಹೇಗೂ ಹೆಚ್ಚು ಹೊತ್ತು ಬೇಕು.